ಮೆಡಿಟರೇನಿಯನ್‌ನಲ್ಲಿ ಮನೆಮಂದಿ ಜೊತೆ ಒಂದು ವಾರ ಬೋಟಲ್ಲಿ: ಬುಕ್ ಮಾಡೋ ಮುಂಚೆ ಗೊತ್ತಿರಬೇಕಾದ್ದು

"ಕ್ರೊಯೇಷಿಯಾದಲ್ಲಿ ಯಾಟ್ ಬಾಡಿಗೆಗೆ ತಗೊಂಡಿದ್ರಂತೆ, ಎಷ್ಟಾಯ್ತು?" ವಾಪಸ್ ಬಂದಾಗಿಂದ ಎಲ್ರೂ ಕೇಳೋ ಮೊದಲನೇ ಪ್ರಶ್ನೆ ಇದೇ. ದುಡ್ಡಿನ ಲೆಕ್ಕ ಪೂರ್ತಿ ಹೇಳ್ತೀನಿ, ಆದ್ರೆ ಅದಕ್ಕೂ ಮುಂಚೆ ಒಂದು ಹಾಳೆ ತಗೊಂಡು ಬೋಟಲ್ಲಿ ಯಾರ್ಯಾರು ಇರ್ತಾರೆ, ವಯಸ್ಸೆಷ್ಟು, ಯಾರಿಗೆ ಮಂಡಿ ನೋವು, ಯಾರಿಗೆ ಈಜು ಬರಲ್ಲ, ಯಾರಿಗೆ ಘಾಟಿ ರಸ್ತೇಲಿ ಬಸ್ಸಲ್ಲಿ ಹೋದ್ರೇ ವಾಂತಿ ಬರತ್ತೆ ಅಂತ ಬರ್ಕೊಳ್ಳಿ. ಬೋಟು, ಸಮುದ್ರ, ತಿಂಗಳು, ಖರ್ಚು, ಎಲ್ಲಾ ಆ ಹಾಳೆ ಮೇಲೆ ನಿಂತಿರತ್ತೆ. ತುಂಬಾ ಜನ ಬೋಟಿನ ಫೋಟೋ ನೋಡಿ ಶುರು ಮಾಡ್ತಾರೆ, ನಾನೂ ಮೊದಲು ಅದನ್ನೇ ಮಾಡಿದ್ದು, ಎರಡು ವಾರ ಫೋಟೋ ನೋಡಿದ್ಮೇಲೂ ಒಂದೂ ತೀರ್ಮಾನ ಆಗಿರ್ಲಿಲ್ಲ.

ನಮ್ಮ ಹಾಳೆ ಹೀಗಿತ್ತು: ಜರ್ಮನಿಯ ಮ್ಯೂನಿಕ್‌ನಲ್ಲಿರೋ ನಾನು, ಹೆಂಡತಿ, 9 ಮತ್ತು 5 ವರ್ಷದ ಇಬ್ರು ಮಕ್ಕಳು, ತುಮಕೂರಿಂದ ಬಂದಿದ್ದ ಅಪ್ಪ ಅಮ್ಮ, ಬೆಂಗಳೂರಿಂದ ತಮ್ಮ ಮತ್ತೆ ಅವನ ಹೆಂಡತಿ. ಒಟ್ಟು ಎಂಟು ಜನ. ಅಮ್ಮಂಗೆ ಮಂಡಿ ನೋವು, ಈಜು ಬರಲ್ಲ, ಮೊಟ್ಟೆ ಕೂಡ ತಿನ್ನಲ್ಲ. ಚಿಕ್ಕ ಮಗನಿಗೂ ಈಜು ಬರಲ್ಲ. ನಮ್ಮಲ್ಲಿ ಒಬ್ರಿಗೂ ಬೋಟ್ ನಡೆಸೋ ಲೈಸೆನ್ಸ್ ಇಲ್ಲ. ಇಷ್ಟು ಬರೆದ ತಕ್ಷಣ ಅರ್ಧ ಪ್ರಶ್ನೆಗೆ ಉತ್ತರ ಸಿಕ್ಕಿಬಿಡ್ತು.

ಮೊದಲು ಸಮುದ್ರ. ಮೆಡಿಟರೇನಿಯನ್ ಅಂತ ಒಂದೇ ಹೆಸರಲ್ಲಿ ಕರೆದ್ರೂ ಒಳಗೆ ಒಂದೊಂದು ಕಡೆ ಒಂದೊಂದು ಸ್ವಭಾವ. ಗ್ರೀಸ್ ಅಂದ ತಕ್ಷಣ ಎಲ್ರ ತಲೇಲಿ ಬರೋದು ಸ್ಯಾಂಟೋರಿನಿ, ಮೈಕೊನೋಸ್, ಬಿಳಿ ಮನೆಗಳು, ಅಂದ್ರೆ ಸೈಕ್ಲೇಡ್ಸ್ ದ್ವೀಪಗಳು. ಆದ್ರೆ ಜುಲೈ ಆಗಸ್ಟಲ್ಲಿ ಅಲ್ಲಿ ಮೆಲ್ಟೆಮಿ ಅಂತ ಉತ್ತರದ ಗಾಳಿ ಬೀಸತ್ತೆ, ಆಕಾಶ ನೀಲಿಯಾಗೇ ಇರತ್ತೆ, ಮಳೆ ಮೋಡ ಏನೂ ಇಲ್ಲ, ಗಾಳಿ ಮಾತ್ರ ದಿನಗಟ್ಟಲೆ ಬಿಡಲ್ಲ. ಅನುಭವ ಇರೋ ನಾವಿಕರಿಗೆ ಅದು ಹಬ್ಬ, ಮೊದಲನೇ ಸಲ ಹೋಗೋ ಮಕ್ಕಳು ಮುದುಕರಿಗೆ ಬೇಡವೇ ಬೇಡ. ಗ್ರೀಸೇ ಬೇಕು ಅಂದ್ರೆ ಪಶ್ಚಿಮದ ಅಯೋನಿಯನ್ ಕಡೆ ಹೋಗಿ, ಕೊರ್ಫು, ಲೆಫ್ಕಡಾ, ಇಥಾಕಾ, ಅಲ್ಲಿ ಬೇಸಿಗೆ ಗಾಳಿ ಮೆತ್ತಗೆ, ದ್ವೀಪದಿಂದ ದ್ವೀಪಕ್ಕೆ ದೂರವೂ ಕಮ್ಮಿ. ಟರ್ಕಿ ತೀರದಲ್ಲಿ ಬೋದ್ರುಮ್, ಗೋಚೆಕ್ ಕಡೆ ಗುಲೆಟ್ ಅಂತ ಮರದ ದೊಡ್ಡ ಬೋಟ್ ಸಿಗತ್ತೆ, ಅಡುಗೆಯವರು ಸಮೇತ, ಹತ್ತು ಹನ್ನೆರಡು ಜನ ಒಟ್ಟಿಗೆ ಹೋಗೋರಿಗೆ ಅದು ಒಳ್ಳೇದು.

ನಾವು ಆರಿಸ್ಕೊಂಡಿದ್ದು ಕ್ರೊಯೇಷಿಯಾದ ಡಾಲ್ಮೇಷಿಯಾ ತೀರ, ಸ್ಪ್ಲಿಟ್ ಊರು. ಕಾರಣ ಸಿಂಪಲ್. ಮ್ಯೂನಿಕ್‌ನಿಂದ ಕಾರಲ್ಲೇ ಹೋಗ್ಬೋದು, ಬ್ರಾಚ್, ಶೋಲ್ಟಾ, ಹ್ವಾರ್ ದ್ವೀಪಗಳು ಸಾಲಾಗಿ ಅಡ್ಡ ನಿಂತಿರೋದ್ರಿಂದ ತೆರೆದ ಸಮುದ್ರದ ಅಲೆ ನೇರವಾಗಿ ಬಂದು ಹೊಡೆಯಲ್ಲ, ಮತ್ತೆ 2023ರ ಜನವರಿ 1ರಿಂದ ಕ್ರೊಯೇಷಿಯಾ ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡೋ ಯುರೋಪಿನ ದೇಶಗಳ ಗುಂಪು) ಒಳಗೆ ಬಂದಿದೆ, ಯೂರೋನೂ ಅವತ್ತಿಂದಲೇ. ಅಪ್ಪ ಅಮ್ಮನ ಹತ್ರ ಜರ್ಮನಿಯ ಷೆಂಗೆನ್ ವೀಸಾ ಇತ್ತು, ಅದೇ ನಡೀತು. ಬರೀ ಕ್ರೊಯೇಷಿಯಾಕ್ಕೇ ಅಂತ ಇಂಡಿಯಾದಿಂದ ಬರೋರು ಕ್ರೊಯೇಷಿಯಾ ವೀಸಾನೇ ಹಾಕ್ಬೇಕು, ಎಲ್ಲಿ ಜಾಸ್ತಿ ದಿನ ಇರ್ತೀರೋ ಆ ದೇಶಕ್ಕೆ ಅರ್ಜಿ ಅನ್ನೋದು ರೂಲು. ಪ್ರಯಾಣಕ್ಕೆ 6 ತಿಂಗಳು ಮುಂಚೆಯಿಂದ ಅರ್ಜಿ ಹಾಕ್ಬೋದು, ಕೊನೇ ಕ್ಷಣಕ್ಕೆ ಇಟ್ಕೋಬೇಡಿ. ಟ್ರಾವೆಲ್ ಇನ್ಶೂರೆನ್ಸ್ ಕನಿಷ್ಠ 30,000 ಯೂರೋ ಕವರ್ ಇರ್ಲೇಬೇಕು. ಉಳ್ಕೊಳ್ಳೋ ಜಾಗದ ಪುರಾವೆ ಅಂತ ಬೋಟಿನ ಕಾಂಟ್ರಾಕ್ಟ್ ಕೊಡುವಾಗ ಅದ್ರ ಜೊತೆ ಎಲ್ರ ಹೆಸರಿರೋ ಕ್ರೂ ಲಿಸ್ಟೂ ಲಗತ್ತಿಸಿ.

ತಿಂಗಳು ಯಾವ್ದು ಅಂತ ಕೇಳಿದ್ರೆ ಜೂನ್ ಅಥವಾ ಸೆಪ್ಟೆಂಬರ್ ಅಂತೀನಿ. ಜುಲೈ ಆಗಸ್ಟಲ್ಲಿ ಬಾಡಿಗೆ ತುಂಬಾ ಜಾಸ್ತಿ, ಬಂದರುಗಳಲ್ಲಿ ಜಾಗಕ್ಕೆ ಪೈಪೋಟಿ. ನಮ್ಮ ಕಡೆ ಸ್ಕೂಲ್ ರಜಾ ಏಪ್ರಿಲ್ ಮೇ ಅಲ್ವಾ, ಅಲ್ಲೊಂದು ಸಮಸ್ಯೆ ಇದೆ, ಏಪ್ರಿಲಲ್ಲಿ ಅಲ್ಲಿ ನೀರು ಇನ್ನೂ ಕೊರೀತಿರತ್ತೆ, ನಮ್ಮ ಮಕ್ಕಳು ಕಾಲಿಟ್ಟು ಓಡ್ಬರ್ತಾರೆ. ಬೇಸಿಗೆ ಪೂರ್ತಿ ಕಾದ ಸಮುದ್ರ ಅಷ್ಟು ಬೇಗ ತಣ್ಣಗಾಗಲ್ಲ, ಅದಕ್ಕೇ ಕರ್ನಾಟಕದಿಂದ ಬರೋರಿಗೆ ದಸರಾ ರಜಾನೇ ಮೇಲು, ಆದ್ರೆ ಆಗ ಹಗಲು ಚಿಕ್ಕದಾಗಿರತ್ತೆ, ಮಳೆನೂ ಒಂದೆರಡು ದಿನ ಹಿಡ್ಕೋಬೋದು. ನಾವು ಹೋಗಿದ್ದು ಸೆಪ್ಟೆಂಬರ್ ಮೊದಲನೇ ವಾರ, ಮ್ಯೂನಿಕ್ ಇರೋ ಬವೇರಿಯಾ ರಾಜ್ಯದ ಸ್ಕೂಲುಗಳಿಗೆ ಆಗಿನ್ನೂ ರಜಾ ಇರತ್ತೆ.

ಈಗ ಬೋಟಿಗೆ ಬರೋಣ. ಎರಡು ಪ್ರಶ್ನೆ: ಯಾವ ಬೋಟು, ಯಾರು ನಡೆಸ್ತಾರೆ. ಹಾಯಿ ಬೋಟಲ್ಲಿ ಮೊನೊಹಲ್ ಅಂದ್ರೆ ಒಂದೇ ಒಡಲಿಂದು, ಗಾಳಿ ಹಿಡಿದಾಗ ಒಂದು ಕಡೆ ವಾಲತ್ತೆ, ಅದೇ ಅದ್ರ ಸೊಗಸು, ಬಾಡಿಗೆನೂ ಕಮ್ಮಿ. ಕ್ಯಾಟಮರಾನ್ ಅಂದ್ರೆ ಎರಡು ಒಡಲು ಜೋಡಿಸಿದ್ದು, ಅಷ್ಟಾಗಿ ವಾಲಲ್ಲ, ಟೇಬಲ್ ಮೇಲಿಟ್ಟ ಕಾಫಿ ಲೋಟ ಇಟ್ಟಲ್ಲೇ ಇರತ್ತೆ, ಹಿಂದುಗಡೆ ಅಗಲವಾದ ಮೆಟ್ಟಿಲು ನೀರಿನ ತನಕ ಇಳಿದಿರತ್ತೆ. ಅಮ್ಮನ ಮಂಡಿಗೋಸ್ಕರ ನಾವು ಕ್ಯಾಟಮರಾನೇ ತಗೊಂಡ್ವಿ, ಲಗೂನ್ 42 ಅನ್ನೋ ಮಾಡೆಲ್, ಉದ್ದ ಸುಮಾರು 13 ಮೀಟರ್, ನಾಲ್ಕು ಕ್ಯಾಬಿನ್. ಅಗಲ ಸುಮಾರು 7.7 ಮೀಟರ್ ಇರೋದ್ರಿಂದ ಮರಿನಾಗಳಲ್ಲಿ, ಅಂದ್ರೆ ಬೋಟ್ ನಿಲ್ಲಿಸೋ ಬಂದರುಗಳಲ್ಲಿ, ಚಾರ್ಜೂ ಜಾಸ್ತಿ ಹಾಕ್ತಾರೆ, ಅದನ್ನ ಬಜೆಟ್ಟಲ್ಲಿ ಸೇರಿಸ್ಕೊಳ್ಳಿ. ಒಳ್ಳೇ ಕ್ಯಾಟಮರಾನ್‌ಗಳು ಬೇಗ ಖಾಲಿ ಆಗ್ತವೆ, ಬೇಸಿಗೆಗೆ ಹೋಗ್ಬೇಕಂದ್ರೆ ಜನವರಿ ಒಳಗೆ ಬುಕ್ ಮಾಡಿ. ಸಾಮಾನ್ಯವಾಗಿ ಬುಕ್ ಮಾಡುವಾಗ ಅರ್ಧ ದುಡ್ಡು, ಹೊರಡೋಕೆ ನಾಲ್ಕರಿಂದ ಆರು ವಾರ ಮುಂಚೆ ಇನ್ನರ್ಧ.

ನಡೆಸೋದು ಮೂರು ಥರ. ಬೇರ್‌ಬೋಟ್ ಅಂದ್ರೆ ಬರೀ ಬೋಟು, ನೀವೇ ನಡೆಸ್ಕೋಬೇಕು, ಅದಕ್ಕೆ ಕ್ರೊಯೇಷಿಯಾದವರು ಒಪ್ಪೋ ಲೈಸೆನ್ಸ್ ಬೇಕು, ಜೊತೆಗೆ ವಿಎಚ್ಎಫ್ ಅನ್ನೋ ಬೋಟಿನ ರೇಡಿಯೋ ಬಳಸೋ ಸರ್ಟಿಫಿಕೇಟೂ ಬೇಕು. ಎರಡನೇದು ಸ್ಕಿಪ್ಪರ್, ಅಂದ್ರೆ ಬೋಟ್ ನಡೆಸೋರ ಜೊತೆ, ಬೋಟ್ ಬಾಡಿಗೆ ಬೇರೆ, ಸ್ಕಿಪ್ಪರ್ ಕೂಲಿ ಬೇರೆ, ದಿನಕ್ಕೆ ಸುಮಾರು 200 ಯೂರೋ, ಅವ್ರ ಊಟ ನಿಮ್ದು, ಮಲಗೋ ಜಾಗನೂ ನೀವೇ ಕೊಡ್ಬೇಕು. ಇದನ್ನ ಮರೆತು ನಾಲ್ಕು ಕ್ಯಾಬಿನ್ನೂ ಮನೆಯವರಿಗೇ ಹಂಚಿ ಕೊನೇಗೆ ಒದ್ದಾಡೋರು ಇದಾರೆ. ನಮ್ಮ ಬೋಟಲ್ಲಿ ಮುಂದಿನ ಮೂಲೇಲಿ ಸ್ಕಿಪ್ಪರ್‌ಗೆ ಅಂತಲೇ ಒಂದು ಪುಟ್ಟ ಗೂಡಿತ್ತು, ಬುಕ್ ಮಾಡುವಾಗಲೇ ಕೇಳಿ ಖಚಿತ ಮಾಡ್ಕೊಂಡಿದ್ವಿ. ಮೂರನೇದು ಪೂರ್ತಿ ಸಿಬ್ಬಂದಿ ಸಮೇತ, ಕ್ಯಾಪ್ಟನ್, ಅಡುಗೆಯವರು, ಸಹಾಯಕರು ಎಲ್ಲಾ ಇರ್ತಾರೆ. ಅದ್ರಲ್ಲಿ ಎಪಿಎ ಅಂತ ಒಂದಿರತ್ತೆ, ಬಾಡಿಗೆಯ 25ರಿಂದ 35 ಪರ್ಸೆಂಟ್ ದುಡ್ಡನ್ನ ಮುಂಗಡ ಕ್ಯಾಪ್ಟನ್ ಕೈಗೆ ಕೊಟ್ಟಿರ್ತೀರಿ, ಡೀಸೆಲ್ಲು, ದಿನಸಿ, ಬಂದರು ಚಾರ್ಜು ಅದ್ರಲ್ಲೇ ಹೋಗತ್ತೆ, ಕೊನೇಗೆ ಲೆಕ್ಕ ತೋರಿಸಿ ಉಳಿದಿದ್ದು ವಾಪಸ್ ಕೊಡ್ತಾರೆ, ಸಾಲದಿದ್ರೆ ನೀವು ಕೊಡ್ಬೇಕು. ಮೊದಲನೇ ಸಲಕ್ಕೆ, ಲೈಸೆನ್ಸ್ ಇದ್ರೂ ಸಹ, ಒಬ್ಬ ಸ್ಥಳೀಯ ಸ್ಕಿಪ್ಪರ್ ತಗೊಳ್ಳಿ ಅನ್ನೋದು ನನ್ನ ಖಂಡಿತ ಅಭಿಪ್ರಾಯ. ಮಕ್ಕಳ ಮೇಲೂ ಗಾಳಿ ಮೇಲೂ ಒಬ್ರೇ ಕಣ್ಣಿಡೋಕೆ ಆಗಲ್ಲ.

ಈಗ ದುಡ್ಡು. ನಮ್ದೇ ಲೆಕ್ಕ ಹೇಳ್ತೀನಿ, ಬೋಟು ಸ್ವಲ್ಪ ಹಳೇದು. ವಾರದ ಬಾಡಿಗೆ 5,500 ಯೂರೋ, ಸ್ಕಿಪ್ಪರ್ 1,400, ಕ್ಲೀನಿಂಗು ಹಾಸಿಗೆ ಬಟ್ಟೆ ಗ್ಯಾಸು ಎಲ್ಲಾ ಸೇರಿದ ಕಡ್ಡಾಯದ ಪ್ಯಾಕೇಜ್ 300, ಮರಿನಾ ಮತ್ತೆ ಬೋಯ್ (ಬೋಟ್ ಕಟ್ಟೋಕೆ ತಳಕ್ಕೆ ಕಟ್ಟಿ ತೇಲಿಬಿಟ್ಟಿರೋ ದೊಡ್ಡ ಚೆಂಡು) ಚಾರ್ಜು 500, ಡೀಸೆಲ್ 250, ದಿನಸಿ ಮತ್ತೆ ಹೊರಗಿನ ಊಟ 700. ಒಟ್ಟು 8,650. ಎಂಟು ಜನಕ್ಕೆ ಹಂಚಿದ್ರೆ ತಲೆಗೆ ಸುಮಾರು 1,080 ಯೂರೋ, ಯೂರೋಗೆ 100 ರೂಪಾಯಿ ಅಂತ ಹಿಡ್ಕೊಂಡ್ರೆ ಒಂದು ಲಕ್ಷದ ಎಂಟು ಸಾವಿರ, ಪ್ರಯಾಣ ವೀಸಾ ಬಿಟ್ಟು. ವೆಬ್‌ಸೈಟಲ್ಲಿ ಕಂಡಿದ್ದು ಬರೀ ಆ 5,500 ಅನ್ನೋದು ಗಮನದಲ್ಲಿರ್ಲಿ, ಅದ್ರ ಮೇಲೆ ಅರ್ಧಕ್ಕಿಂತ ಜಾಸ್ತಿ ಇನ್ನೂ ಸೇರ್ಕೊಂಡಿದೆ.

ಇದ್ರ ಹೊರತಾಗಿ ಡೆಪಾಸಿಟ್. ನಮಗೆ 3,000 ಯೂರೋ ಕ್ರೆಡಿಟ್ ಕಾರ್ಡಲ್ಲಿ ಬ್ಲಾಕ್ ಮಾಡಿದ್ರು, ಡೆಬಿಟ್ ಕಾರ್ಡ್ ಎಷ್ಟೋ ಕಡೆ ತಗೊಳ್ಳಲ್ಲ, ಇಂಡಿಯಾದ ಕಾರ್ಡ್ ಆದ್ರೆ ಲಿಮಿಟ್ಟೂ ಇಂಟರ್‌ನ್ಯಾಷನಲ್ ಬಳಕೆನೂ ಹೊರಡೋ ಮುಂಚೆ ನೋಡ್ಕೊಳ್ಳಿ. ಬೋಟ್ ಕೈಗೆ ತಗೊಳ್ಳುವಾಗ ಒಂದು ಪಟ್ಟಿ ಕೊಟ್ಟು ಸಾಮಾನು ಎಲ್ಲಾ ಸರಿ ಇದ್ಯಾ ನೋಡಿ ಸಹಿ ಹಾಕಿ ಅಂತಾರೆ. ಸಂಜೆ ಐದು ಗಂಟೆ, ಬಿಸಿಲು, ಕಾರಿಂದ ಚೀಲಗಳನ್ನ ಇಳಿಸ್ತಾ ಇದ್ದೀವಿ, ಚಿಕ್ಕೋನು ನೀರಿನ ಅಂಚಿಗೆ ಓಡ್ತಾ ಇದಾನೆ, ನಾನು ಸರಿಯಾಗಿ ನೋಡ್ದೇ ಸಹಿ ಹಾಕ್ಬಿಟ್ಟೆ. ವಾಪಸ್ ಕೊಡುವಾಗ ಡಿಂಗಿ, ಅಂದ್ರೆ ದಡಕ್ಕೆ ಹೋಗಿಬರೋಕೆ ಕೊಡೋ ಗಾಳಿ ತುಂಬಿದ ಪುಟ್ಟ ದೋಣಿ, ಅದ್ರ ತಳದಲ್ಲಿ ಒಂದು ಗೀರು ತೋರಿಸಿ 180 ಯೂರೋ ಹಿಡ್ಕೊಂಡ್ರು. ಅದು ಮುಂಚೆಯಿಂದ ಇತ್ತು ಅಂತ ಹೇಳೋಕೆ ನನ್ನ ಹತ್ರ ಒಂದು ಫೋಟೋನೂ ಇರ್ಲಿಲ್ಲ. ಹಾಗಾಗಿ ಒಬ್ರು ಮಕ್ಕಳನ್ನ ಐಸ್‌ಕ್ರೀಂ ಕೊಡಿಸೋಕೆ ಕರ್ಕೊಂಡು ಹೋಗಿ, ಇನ್ನೊಬ್ರು ಒಡಲಿನ ಎರಡೂ ಕಡೆ, ಡಿಂಗಿಯ ತಳ, ಅದ್ರ ಮೋಟರಿನ ರೆಕ್ಕೆ, ಹಾಯಿಯ ಹೊಲಿಗೆ, ಎಲ್ಲದ್ರ ವಿಡಿಯೋ ಮಾಡ್ಕೊಳ್ಳಿ. ಪಟ್ಟೀಲಿ ಲೈಫ್ ಜಾಕೆಟ್ ಎಣಿಸುವಾಗ ಮಕ್ಕಳ ಸೈಜಿಂದು ಇದ್ಯಾ ಅಂತ ಹಾಕಿಸಿಯೇ ನೋಡಿ, ಕಾಲಿನ ಸಂದಿಯಿಂದ ಬರೋ ಪಟ್ಟಿ ಇಲ್ಲದಿದ್ರೆ ನೀರಿಗೆ ಬಿದ್ದಾಗ ಜಾಕೆಟ್ ಮೇಲೆ ಬಂದು ಮಗು ಕೆಳಗೆ ಜಾರತ್ತೆ. ಸುತ್ತಲಿನ ಕಂಬಿಗೆ ಬಲೆ ಕಟ್ಟಿಕೊಡಿ ಅಂತ ಬುಕಿಂಗ್ ಟೈಮಲ್ಲೇ ಕೇಳಿ, ಆಮೇಲೆ ಕೇಳಿದ್ರೆ ಸಿಗಲ್ಲ.

ವಾರದ ಲೆಕ್ಕ ಹೇಗೆ ಅಂದ್ರೆ, ಶನಿವಾರ ಸಂಜೆ ಬೋಟ್ ಕೈಗೆ ಸಿಗತ್ತೆ, ಮುಂದಿನ ಶುಕ್ರವಾರ ಸಂಜೆಗೇ ಬಂದರಿಗೆ ವಾಪಸ್ ಬಂದಿರ್ಬೇಕು, ಶನಿವಾರ ಬೆಳಗ್ಗೆ ಒಂಬತ್ತಕ್ಕೆ ಖಾಲಿ ಮಾಡ್ಬೇಕು. ಅಂದ್ರೆ ಏಳು ದಿನದ ಬಾಡಿಗೆ ಕೊಟ್ರೂ ಸಮುದ್ರದಲ್ಲಿ ಓಡಾಡೋಕೆ ಸಿಗೋದು ಆರೇ ದಿನ. ಹಾಯಿ ಬೋಟಿನ ವೇಗ ಗಂಟೆಗೆ ಐದಾರು ನಾಟಿಕಲ್ ಮೈಲಿ, ಒಂದು ನಾಟಿಕಲ್ ಮೈಲಿ 1.852 ಕಿಲೋಮೀಟರ್, ಅಂದ್ರೆ ಸುಮಾರು ಸೈಕಲ್ ಸ್ಪೀಡು. ದಿನಕ್ಕೆ ಮೂರು ಗಂಟೆಗಿಂತ ಜಾಸ್ತಿ ಓಡಿಸಿದ್ರೆ ಮಕ್ಕಳಿಗೂ ಬೇಜಾರು, ದೊಡ್ಡೋರಿಗೂ ಸುಸ್ತು.

ಮತ್ತೆ ಗಾಳಿ. ಅಲ್ಲಿನವರು ಗಾಳಿಗಳನ್ನ ನೆಂಟರ ಥರ ಹೆಸರಿಡಿದು ಕರೀತಾರೆ. ಮಾಯಿಸ್ತ್ರಾಲ್ ಬೇಸಿಗೆಯ ಒಳ್ಳೇ ಗಾಳಿ, ಹೊತ್ತು ಏರಿದ ಮೇಲೆ ವಾಯವ್ಯದಿಂದ ಶುರುವಾಗಿ ಸೂರ್ಯ ಮುಳುಗೋ ಹೊತ್ತಿಗೆ ತಣ್ಣಗಾಗತ್ತೆ. ಯೂಗೊ ಆಗ್ನೇಯದಿಂದ ಬರತ್ತೆ, ಮೋಡ, ಧಗೆ, ನಿಧಾನಕ್ಕೆ ಎರಡು ಮೂರು ದಿನದಲ್ಲಿ ಬೆಳೆದು ಉದ್ದುದ್ದ ಅಲೆ ಎಬ್ಬಿಸತ್ತೆ. ಬೂರಾ ಈಶಾನ್ಯದ ಬೆಟ್ಟದಿಂದ ಧಡಾರಂತ ಇಳಿಯೋ ತಣ್ಣನೆ ಗಾಳಿ, ಬೇಸಿಗೇಲಿ ಕಮ್ಮಿ, ಆದ್ರೆ ಬಂದ್ರೆ ಕಣ್ಣಿಗೆ ಕಾಣೋ ಎಚ್ಚರಿಕೆ ಬೆಟ್ಟದ ನೆತ್ತಿಯ ಬಿಳಿ ಮೋಡ. ಇವನ್ನೆಲ್ಲಾ ನೀವು ಕಲೀಬೇಕಾಗಿಲ್ಲ, ಆದ್ರೆ ಹಾಕಿದ ಪ್ಲಾನ್ ಬದಲಾಗತ್ತೆ ಅಂತ ಮನೆಯವರಿಗೆಲ್ಲಾ ಮುಂಚೆನೇ ಹೇಳಿರ್ಬೇಕು.

ನಮ್ದು ಬದಲಾಯ್ತು. ಭಾನುವಾರ ಬ್ರಾಚ್ ದ್ವೀಪದ ಮಿಲ್ನಾ, ಸೋಮವಾರ ಹ್ವಾರ್ ಎದುರಿಗಿರೋ ಪಾಕ್ಲೆನಿ ದ್ವೀಪಗಳು, ಮಂಗಳವಾರ ವಿಸ್ ದ್ವೀಪ ಅಂತ ಬರೆದಿಟ್ಟಿದ್ದೆ. ವಿಸ್ ಯುಗೊಸ್ಲಾವಿಯಾ ಸೈನ್ಯದ ನೆಲೆಯಾಗಿತ್ತು, 1989ರ ತನಕ ವಿದೇಶಿಯರಿಗೆ ಪ್ರವೇಶವೇ ಇರ್ಲಿಲ್ಲ, ಪಕ್ಕದ ಬಿಶೆವೊ ದ್ವೀಪದಲ್ಲಿ ನೀಲಿ ಗುಹೆ ಇದೆ, ನೀರಿನ ಕೆಳಗಿಂದ ಬರೋ ಬಿಸಿಲಿಗೆ ಗುಹೆ ಪೂರ್ತಿ ನೀಲಿ ಆಗತ್ತೆ, ನನಗೆ ಅದನ್ನ ನೋಡ್ಲೇಬೇಕು ಅಂತಿತ್ತು. ಮಂಗಳವಾರ ಬೆಳಗ್ಗೆ ಸ್ಕಿಪ್ಪರ್ ಕಾಫಿ ಲೋಟ ಹಿಡ್ಕೊಂಡು ದಕ್ಷಿಣದ ಕಡೆ ಸ್ವಲ್ಪ ಹೊತ್ತು ನೋಡಿದ, ಫೋನಲ್ಲಿ ಮುನ್ಸೂಚನೆ ತೋರಿಸಿದ, ಯೂಗೊ ಬರ್ತಾ ಇದೆ, ಗುಹೆ ಒಳಗೆ ದೋಣಿ ಬಿಡಲ್ಲ, ನಿಮ್ಮ ತಾಯಿಗೂ ಕಷ್ಟ, ಹ್ವಾರ್‌ನ ಉತ್ತರಕ್ಕೆ ಸ್ತಾರಿ ಗ್ರಾಡ್‌ಗೆ ಹೋಗೋಣ ಅಂದ. ಹೋದ್ವಿ, ಎರಡು ರಾತ್ರಿ ಅಲ್ಲೇ ಇದ್ವಿ.

ಆ ಎರಡು ದಿನ ಅಪ್ಪನ ಪಾಲಿಗೆ ಇಡೀ ಪ್ರವಾಸದ ಬೆಸ್ಟ್ ಭಾಗ. ಕ್ರಿಸ್ತಪೂರ್ವ 384ರಲ್ಲಿ ಪಾರೊಸ್ ದ್ವೀಪದ ಗ್ರೀಕರು ಬಂದು ಕಟ್ಟಿದ ಊರದು, ಊರಾಚೆ ಬಯಲಲ್ಲಿ ಅವರು ಅಳತೆ ಮಾಡಿ ಹಂಚಿಕೊಂಡ ಹೊಲಗಳ ಗಡಿ ಇವತ್ತಿಗೂ ಹಾಗೇ ಇದೆ, ಒಂದೊಂದು ಪಟ್ಟೆ ಸುಮಾರು 180 ಮೀಟರ್ ಅಗಲ, 900 ಮೀಟರ್ ಉದ್ದ, ಮಧ್ಯೆ ಗಾರೆ ಇಲ್ಲದ ಕಲ್ಲಿನ ಗೋಡೆ, ಒಳಗೆ ದ್ರಾಕ್ಷಿ ಮತ್ತೆ ಆಲಿವ್. 2008ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ. ಅಪ್ಪ ಹೊಲ ಅಳೆದು ಬೆಳೆದೋರು, ಒಂದು ಗೋಡೆಯಿಂದ ಇನ್ನೊಂದಕ್ಕೆ ಹೆಜ್ಜೆ ಹಾಕಿ ಎಣಿಸಿ ಮನಸ್ಸಲ್ಲೇ ಎಕರೆ ಗುಂಟೆಗೆ ತಿರುಗಿಸ್ಕೊಂಡ್ರು, ಒಂದು ಕಲ್ಲು ತೆಗೆದು ನೋಡಿ ಎಲ್ಲಿಂದ ತೆಗೆದಿದ್ರೋ ಅಲ್ಲೇ ಇಟ್ರು. ಗುಹೆ ನೋಡೋಕೆ ಆಗ್ಲಿಲ್ಲ. ಗುರುವಾರ ಶೋಲ್ಟಾದ ಮಸ್ಲಿನಿಟ್ಸಾ, ಶುಕ್ರವಾರ ವಾಪಸ್.

ಬೋಟಿನ ಒಳಗಿನ ಸಂಸಾರದ ಬಗ್ಗೆ ಯಾರೂ ಮುಂಚೆ ಬಿಡಿಸಿ ಹೇಳಲ್ಲ, ಅದಕ್ಕೇ ಹೇಳ್ತೀನಿ. ನೀರು ಟ್ಯಾಂಕಲ್ಲಿ ಇರೋದಷ್ಟೇ, ಮಾಡೆಲ್ ಮೇಲೆ 300ರಿಂದ 600 ಲೀಟರ್, ಎಂಟು ಜನ ಮನೇಲಿ ಮಾಡೋ ಥರ ಸ್ನಾನ ಮಾಡಿದ್ರೆ ಮಾರನೇ ದಿನಕ್ಕೆ ಖಾಲಿ. ಸಮುದ್ರದಲ್ಲಿ ಈಜಿ ಹಿಂದಿನ ಮೆಟ್ಟಿಲ ಮೇಲೆ ಒಂದು ನಿಮಿಷ ಸಿಹಿನೀರು ಹಾಕ್ಕೊಳ್ಳೋದೇ ಸ್ನಾನ. ಟಾಯ್ಲೆಟ್ಟಿನ ಪೈಪ್ ನಮ್ಮ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ, ಪೇಪರ್ ಕೂಡ ಒಳಗೆ ಹಾಕೋ ಹಾಗಿಲ್ಲ, ಪಕ್ಕದ ಡಬ್ಬಿಗೆ ಹಾಕ್ಬೇಕು. ನಮ್ಮ ಹಿರಿಯರಿಗೆ ನೀರೇ ಅಭ್ಯಾಸ ಆಗಿರೋದ್ರಿಂದ ಇಲ್ಲಿ ಅನುಕೂಲವೇ ಆಯ್ತು, ಒಂದು ಪುಟ್ಟ ಚೊಂಬು ತಗೊಂಡು ಹೋಗಿ. ಬಂದರಲ್ಲಿ ಕರೆಂಟ್ ಕನೆಕ್ಷನ್ ಕೊಟ್ಟಾಗ ಬಿಟ್ರೆ ಎಸಿ, ಇಂಡಕ್ಷನ್, ಹೇರ್ ಡ್ರೈಯರ್ ಯಾವುದೂ ನಡೆಯಲ್ಲ ಅಂತ ಅಂದ್ಕೊಂಡೇ ಹೊರಡಿ. ಗಟ್ಟಿ ಸೂಟ್‌ಕೇಸ್ ಬೇಡ, ಇಡೋಕೆ ಜಾಗ ಇಲ್ಲ, ಮಡಚೋ ಬಟ್ಟೆ ಬ್ಯಾಗೇ ಬೇಕು.

ಗ್ಯಾಸ್ ಒಲೆ ಇರತ್ತೆ, ಕುಕ್ಕರ್ ನಾವು ಮನೆಯಿಂದ ತಗೊಂಡು ಹೋದ್ವಿ, ಲಂಗರು ಹಾಕಿ ನಿಂತಾಗ ಮಾತ್ರ ಒಲೆ ಹಚ್ಚೋದು ಅಂತ ನಿಯಮ ಮಾಡ್ಕೊಂಡ್ವಿ. ಅಕ್ಕಿ ಬೇಳೆ, ಸಾರಿನ ಪುಡಿ, ಚಟ್ನಿಪುಡಿ, ಅವಲಕ್ಕಿ ಇದ್ರೆ ವಾರ ಕಳೆಯತ್ತೆ. ಇಂಡಿಯಾದಿಂದ ತರೋರು ತುಪ್ಪ, ಪೇಡ ಥರ ಹಾಲಿನ ಪದಾರ್ಥ ತರ್ಬೇಡಿ, ಯುರೋಪಿಯನ್ ಯೂನಿಯನ್ ಒಳಗೆ ಬಿಡಲ್ಲ. ತರಕಾರಿಗೆ ಸ್ಪ್ಲಿಟ್‌ನಲ್ಲಿ ಹಳೇ ಅರಮನೆಯ ಪೂರ್ವದ ಗೋಡೆ ಹೊರಗೆ ಪಜಾರ್ ಅಂತ ಸಂತೆ ಇದೆ, ಅಲ್ಲೇ ಸೊಪಾರ್ನಿಕ್ ಸಿಗತ್ತೆ, ಬ್ಲಿಟ್ವಾ ಅನ್ನೋ ಸೊಪ್ಪನ್ನ ಎರಡು ತೆಳು ಹಿಟ್ಟಿನ ಹಾಳೆ ಮಧ್ಯೆ ಇಟ್ಟು ಒಲೆಯ ಬಿಸಿ ನೆಲದ ಮೇಲೆ ಬೂದಿ ಮುಚ್ಚಿ ಸುಟ್ಟು, ಮೇಲೆ ಬೆಳ್ಳುಳ್ಳಿ ಆಲಿವ್ ಎಣ್ಣೆ ಸವರಿರ್ತಾರೆ. ಅಮ್ಮ ಅದನ್ನ ಮುರಿದು ಒಳಗಿನ ಸೊಪ್ಪು ನೋಡಿ, ಮೂಸಿ, ಆಮೇಲೆ ತಿಂದ್ರು, ಮಾರನೇ ದಿನಕ್ಕೂ ಎರಡು ಕಟ್ಟಿಸ್ಕೊಂಡ್ರು. ದ್ವೀಪಗಳಲ್ಲಿ ಕೊನೊಬಾ ಅಂತ ಪುಟ್ಟ ಹೋಟ್ಲುಗಳಿವೆ, ಆಲೂಗಡ್ಡೆ ಹಾಕಿದ ಬ್ಲಿಟ್ವಾ ಪಲ್ಯ ಸಾಮಾನ್ಯವಾಗಿ ಸಿಗತ್ತೆ, ಮೀನಿನ ಜೊತೆ ಕೊಡೋದನ್ನ ಬೇರೆ ಕೊಡಿ ಅಂತ ಕೇಳಿ. ಕೆಲವು ಕೊನೊಬಾಗಳ ಮುಂದೆ ಅವ್ರದ್ದೇ ಬೋಯ್ ಇರತ್ತೆ, ಅದಕ್ಕೆ ಹಗ್ಗ ಹಾಕಿದ್ರೆ ಲಂಗರು ಬೇಡ, ಅಲ್ಲಿ ಊಟ ಮಾಡೋರಿಗೆ ರಾತ್ರಿ ನಿಲ್ಲೋಕೆ ಚಾರ್ಜ್ ಇಲ್ಲ. ಮಧ್ಯಾಹ್ನ ಎರಡು ಮೂರು ಗಂಟೆ ಒಳಗೆ ಬೋಯ್ ಹಿಡೀಬೇಕು, ಆಮೇಲೆ ಸಿಗೋದು ಕಷ್ಟ.

ವಾಂತಿ ವಿಷಯಕ್ಕೆ, ಮಾತ್ರೆ ತಗೊಳ್ಳೋದಾದ್ರೆ ಬೋಟ್ ಹೊರಡೋ ಮುಂಚೆನೇ ತಗೋಬೇಕು, ಶುರುವಾದ್ಮೇಲೆ ಅಷ್ಟಾಗಿ ಉಪಯೋಗ ಆಗಲ್ಲ, ಮಕ್ಕಳಿಗೆ ಯಾವ್ದು ಎಷ್ಟು ಅಂತ ಡಾಕ್ಟರ್ ಹತ್ರ ಕೇಳ್ಕೊಂಡು ಬನ್ನಿ. ತಲೆ ತಿರುಗೋರು ಕೆಳಗಿನ ಕ್ಯಾಬಿನ್‌ಗೆ ಹೋಗ್ಬಾರ್ದು, ಹೊರಗೆ ಕೂತು ದೂರದ ಬೆಟ್ಟ ನೋಡ್ತಾ ಇರ್ಬೇಕು, ಫೋನ್ ನೋಡ್ಲೇಬಾರ್ದು. ಎಲ್ರಿಗೂ ರಬ್ಬರ್ ನೀರು ಚಪ್ಪಲಿ ಕೊಳ್ಳಿ, ಅಲ್ಲಿ ದಡ ಮರಳಲ್ಲ, ಕಲ್ಲು, ಆ ಕಲ್ಲುಗಳ ಮೇಲೆ ಸೀ ಅರ್ಚಿನ್ ಅಂತ ಕಪ್ಪು ಮುಳ್ಳಿನ ಚೆಂಡುಗಳು ಕೂತಿರ್ತವೆ. ದೊಡ್ಡ ಮಗ ಒಂದರ ಮೇಲೆ ಕಾಲಿಟ್ಟ, ಅಮ್ಮ ಕನ್ನಡಕ ಹಾಕ್ಕೊಂಡು, ಪಿನ್ನು ತಗೊಂಡು, ಅರ್ಧ ಗಂಟೆ ಕೂತು ಹನ್ನೊಂದು ಮುಳ್ಳು ತೆಗೆದ್ರು. ಸಮುದ್ರದಲ್ಲಿ ತುರ್ತು ಅಂದ್ರೆ ಕ್ರೊಯೇಷಿಯಾದಲ್ಲಿ ಫೋನ್ ನಂಬರ್ 195, ರೇಡಿಯೋದಲ್ಲಿ ಚಾನೆಲ್ 16. ರೇಡಿಯೋ ಹೇಗೆ ಒತ್ತಿ ಮಾತಾಡೋದು ಅಂತ ಸ್ಕಿಪ್ಪರ್ ಹತ್ರ ಮೊದಲನೇ ದಿನವೇ ಮನೆಯ ಇನ್ನಿಬ್ರು ಕಲ್ತಿರ್ಲಿ, ಯಾಕಂದ್ರೆ ನೀರಿಗೆ ಬಿದ್ದೋನು ಸ್ಕಿಪ್ಪರ್ರೇ ಆಗಿದ್ರೆ ಮಾತಾಡ್ಬೇಕಾಗಿರೋದು ನೀವು.

ಶುಕ್ರವಾರ ವಾಪಸ್ ಬರುವಾಗ ಡೀಸೆಲ್ ಬಂಕ್ ಮುಂದೆ ಬೋಟುಗಳ ಕ್ಯೂ ಇರತ್ತೆ, ಟ್ಯಾಂಕ್ ತುಂಬಿಸಿಯೇ ವಾಪಸ್ ಕೊಡ್ಬೇಕಾಗಿರೋದ್ರಿಂದ ಎಲ್ರೂ ಒಂದೇ ಹೊತ್ತಿಗೆ ಬರ್ತಾರೆ, ನಾವು ಒಂದೂವರೆ ಗಂಟೆ ಕಾದ್ವಿ. ಅವತ್ತೇ ಸಂಜೆ ಫ್ಲೈಟ್ ಇಟ್ಕೋಬೇಡಿ, ಶನಿವಾರ ಬೆಳಗ್ಗೆದೂ ಬೇಡ, ಸ್ಪ್ಲಿಟ್‌ನಲ್ಲಿ ಒಂದು ರಾತ್ರಿ ರೂಮ್ ಮಾಡಿ. ಒಂದು ವಾರ ನೀರ ಮೇಲಿದ್ದ ದೇಹಕ್ಕೆ ನೆಲ ತೂಗ್ತಾ ಇದೆ ಅನ್ಸತ್ತೆ, ಕಣ್ಣು ಮುಚ್ಚಿದ್ರೆ ಇನ್ನೂ ಜಾಸ್ತಿ. ಅಪ್ಪ ರೂಮಿನ ಬಚ್ಚಲಲ್ಲಿ ತಲೆಗೆ ನೀರು ಹಾಕ್ಕೊಳ್ಳುವಾಗ ಒಂದು ಕೈ ಗೋಡೆ ಮೇಲೇ ಇಟ್ಟಿದ್ರಂತೆ, ನಿಮ್ಮ ಹಿರಿಯರಿಗೂ ಹೇಳಿರಿ, ಅವತ್ತೊಂದಿನ ಸ್ಟೂಲ್ ಹಾಕ್ಕೊಂಡು ಕೂತೇ ಸ್ನಾನ ಮಾಡ್ಲಿ.